ಬಾಗಿಲ ಕೀಲಲ್ಲ, ಮೊಣಕಾಲು

ನಿಮಗೂ ನೆನಪಿರಬಹುದು. 2000ದ ಅಕ್ಟೋಬರಿನಲ್ಲಿ ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡಮಂಡಿಯನ್ನು ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಾಯಿಸಿದರು. 2001ರ ಜೂನಿನಲ್ಲಿ ಬಲಮಂಡಿ. ಆಗ ಟೀವಿಯಲ್ಲಿ, ಪೇಪರಿನಲ್ಲಿ, ಕೊನೆಗೆ ಕಟಿಂಗ್ ಶಾಪಿನಲ್ಲೂ ಅದೇ ಮಾತು. ಮಂಡಿಯನ್ನು ‘ಬದಲಾಯಿಸಬಹುದು’ ಅನ್ನೋ ವಿಷಯ ನಮ್ಮಲ್ಲಿ ಎಷ್ಟೋ ಜನರ ಕಿವಿಗೆ ಮೊದಲ ಸಲ ಬಿದ್ದದ್ದು ಆಗಲೇ ಅಂತ ನನಗನ್ನಿಸುತ್ತೆ.

ಆ ಆಪರೇಷನ್ ಮಾಡಿದವರು ಡಾ. ಚಿತ್ತರಂಜನ್ ರಾಣಾವತ್. ಮಧ್ಯಪ್ರದೇಶದಲ್ಲಿ ಹುಟ್ಟಿ, ಇಂದೋರಿನಲ್ಲಿ ವೈದ್ಯಕೀಯ ಓದಿ, ನ್ಯೂಯಾರ್ಕಿಗೆ ಹೋದವರು. ‘ಫಾರಿನ್ನಿಂದ ದೊಡ್ಡ ಡಾಕ್ಟರನ್ನ ಕರೆಸಿದ್ದಾರಂತೆ’ ಅಂತಷ್ಟೇ ಆಗ ನಾವು ಮಾತಾಡಿಕೊಂಡದ್ದು. ಅವರು ಕೃತಕ ಮಂಡಿ ಕೂರಿಸುವವರಷ್ಟೇ ಅಲ್ಲ, ಇವತ್ತಿನ ಕೃತಕ ಮಂಡಿಗೆ ಅದರ ಆಕಾರ ಕೊಟ್ಟ ನಾಲ್ಕಾರು ಜನರಲ್ಲಿ ಒಬ್ಬರು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮ ದೊಡ್ಡಮ್ಮನ ಮಂಡಿ ಆಪರೇಷನ್ನಿನ ನೆಪದಲ್ಲಿ.

ದೊಡ್ಡಮ್ಮನ ಆಪರೇಷನ್ ಚೆನ್ನಾಗೇ ಆಯ್ತು. ರಾತ್ರಿಯೆಲ್ಲ ನರಳುತ್ತಿದ್ದವರು ನಿದ್ದೆ ಮಾಡುವ ಹಾಗಾದರು. ಆದರೆ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ನೆಲದ ಮೇಲೆ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ. ದೊಡ್ಡಮ್ಮ ಅದನ್ನ ಎರಡೆರಡು ಸಲ ಓದಿಸಿಕೊಂಡು ಕೇಳಿದರು: “ಅಷ್ಟೆಲ್ಲ ದುಡ್ಡು ಕೊಟ್ಟು ಹಾಕಿಸಿಕೊಂಡದ್ದು... ಹಳೇದು ಮಾಡ್ತಿದ್ದ ಕೆಲಸ ಹೊಸದು ಯಾಕೆ ಮಾಡಲ್ಲ?”

ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದ ಹಾಗೆ ನನಗೆ ಕಂಡದ್ದು ಇಷ್ಟು. ಕೃತಕ ಮಂಡಿಯ ಇತಿಹಾಸ ಅಂದರೆ, ಮಂಡಿ ಅನ್ನೋದು ಹೇಗೆ ಕೆಲಸ ಮಾಡುತ್ತೆ ಅಂತ ಜನ ಮಾಡಿದ ಊಹೆಗಳ ಇತಿಹಾಸ. ಒಂದೊಂದು ಊಹೆಯನ್ನೂ ಲೋಹದಲ್ಲಿ ಎರಕ ಹೊಯ್ದು, ಯಾರದೋ ಕಾಲೊಳಗಿಟ್ಟು, ಕೆಲವು ವರ್ಷ ಕಾದು ನೋಡಿದ್ದಾರೆ. ಮುಂದಿನದೆಲ್ಲ ಆ ಕತೆ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂತ್ಕೊಳ್ಳಿ :-)

ಮೊದಲ ಊಹೆ ನಮ್ಮ ಭಾಷೆಯಲ್ಲೇ ಅಡಗಿದೆ. ಬಾಗಿಲು ತಿರುಗುವುದೂ ಕೀಲಿನ ಮೇಲೆ, ಕಾಲು ಮಡಚುವುದೂ ಕೀಲಿನಲ್ಲಿ. ಒಂದೇ ಪದ. ಹೊರಗಿನಿಂದ ನೋಡಿದರೆ ಮಂಡಿ ಹಾಗೇ ಕಾಣುತ್ತೆ, ಒಂದೇ ಅಕ್ಷದ ಮೇಲೆ ಮುಂದಕ್ಕೆ ಹಿಂದಕ್ಕೆ ಆಡುವ ಹಿಂಜು. ಆದರೆ ಈಗಲೇ ಕುರ್ಚಿಯಲ್ಲಿ ಕೂತಲ್ಲೇ ಒಂದು ಸಣ್ಣ ಪ್ರಯೋಗ ಮಾಡಿ. ಮಂಡಿಯನ್ನು 90 ಡಿಗ್ರಿ ಮಡಚಿ, ತೊಡೆ ಅಲ್ಲಾಡದ ಹಾಗೆ ಹಿಡಿದು, ಪಾದವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಮಂಡಿಯ ಕೆಳಗಿನ ಮೂಳೆಯೇ ತಿರುಗುತ್ತೆ, ಕೈಯಿಟ್ಟರೆ ಗೊತ್ತಾಗುತ್ತೆ. ಈಗ ಕಾಲು ಪೂರ್ತಿ ನೀಡಿ ಅದನ್ನೇ ಮಾಡಿ. ಮಂಡಿಯಲ್ಲಿ ಆ ತಿರುಗು ಇಲ್ಲ, ಬೀಗ ಬಿದ್ದ ಹಾಗೆ! ಕಾಲು ನೀಡುವ ಕೊನೆಯ ಹಂತದಲ್ಲಿ ಕೆಳಗಿನ ಮೂಳೆ ಸ್ವಲ್ಪ ಹೊರಕ್ಕೆ ತಿರುಗಿ, ಸ್ಕ್ರೂ ಬಿಗಿದ ಹಾಗೆ ಬಿಗಿದುಕೊಳ್ಳುತ್ತೆ. ನಾವು ಗಂಟೆಗಟ್ಟಲೆ ಕ್ಯೂನಲ್ಲಿ ನಿಲ್ಲೋದಕ್ಕೆ ಇದೂ ಒಂದು ಅನುಕೂಲ. ಬಾಗಿಲ ಕೀಲು ಇದನ್ನೆಲ್ಲ ಮಾಡಲ್ಲ.

ಇನ್ನೊಂದು ವಿಷಯ, ಇದು ಕಣ್ಣಿಗೆ ಕಾಣದ್ದು. ತೊಡೆಮೂಳೆಯ ತುದಿ ಎರಡು ಗುಂಡುಗಳ ಹಾಗಿದೆ, ಒಳಬದಿಗೆ ಒಂದು, ಹೊರಬದಿಗೆ ಒಂದು. ಕೆಳಗಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಕಾಲು ಮಡಚುವಾಗ ಈ ಗುಂಡು ಗಾಡಿಯ ಚಕ್ರದ ಹಾಗೆ ಉರುಳುತ್ತೋ, ಕೆಸರಲ್ಲಿ ಸಿಕ್ಕ ಚಕ್ರದ ಹಾಗೆ ನಿಂತಲ್ಲೇ ಜಾರುತ್ತೋ? ಸಣ್ಣದೊಂದು ಲೆಕ್ಕ ಹಾಕಿ ನೋಡಿದೆ. ಗುಂಡಿನ ಹಿಂಭಾಗದ ತ್ರಿಜ್ಯ ಸುಮಾರು 22 ಮಿಲಿಮೀಟರ್. ಅದು ಬರೀ ಉರುಳುತ್ತಾ 120 ಡಿಗ್ರಿ ಮಡಚಿದರೆ ಸುಮಾರು 46 ಮಿಲಿಮೀಟರ್ ಹಿಂದಕ್ಕೆ ಹೋಗಬೇಕು. ಕೆಳಗಿನ ಮೂಳೆಯ ತಲೆ ಹಿಂದೆಮುಂದೆ ಇರುವುದೇ ಹೆಚ್ಚುಕಡಿಮೆ ಅಷ್ಟು. ಗುಂಡು ಮಧ್ಯದಿಂದ ಹೊರಟರೆ ಅರ್ಧ ಮಡಚುವಷ್ಟರಲ್ಲೇ ಹಿಂದಿನಿಂದ ಉರುಳಿ ಬಿದ್ದುಹೋಗುತ್ತೆ. ಬರೀ ನಿಂತಲ್ಲೇ ಜಾರಿದರೂ ಕಷ್ಟ, ತೊಡೆಮೂಳೆ ಬೇಗನೆ ಕೆಳಗಿನ ಮೂಳೆಯ ಹಿಂಬದಿಯ ಅಂಚಿಗೆ ತಾಗಿ ಮಡಚುವಿಕೆ ಅಲ್ಲಿಗೇ ನಿಲ್ಲುತ್ತೆ. ಹಾಗಾಗಿ ಮಂಡಿ ಎರಡನ್ನೂ ಬೆರೆಸುತ್ತೆ, ಸ್ವಲ್ಪ ಉರುಳು, ಉಳಿದದ್ದು ಜಾರು.

ಇದನ್ನು ಕಂಡು ಬರೆದವರು ಯಾವಾಗಿನವರು ಗೊತ್ತಾ? 1836ರವರು. ಜರ್ಮನಿಯ ಅಣ್ಣತಮ್ಮಂದಿರು ವಿಲ್ಹೆಲ್ಮ್ ವೆಬರ್ ಮತ್ತು ಎಡ್ವರ್ಡ್ ವೆಬರ್. ಅಣ್ಣ ಭೌತಶಾಸ್ತ್ರಜ್ಞ, ಕಾಂತೀಯತೆಯ ಪಾಠದಲ್ಲಿ ಬರುವ ‘ವೆಬರ್’ ಅನ್ನೋ ಮಾನ ಇವರದೇ ಹೆಸರು. ತಮ್ಮ ಶರೀರಶಾಸ್ತ್ರದವರು. ಮನುಷ್ಯನ ನಡಿಗೆಯ ಯಂತ್ರಶಾಸ್ತ್ರದ ಮೇಲೆ ಇಬ್ಬರೂ ಸೇರಿ ಒಂದು ಪುಸ್ತಕ ಬರೆದರು. ಮಂಡಿ ಉರುಳುತ್ತಾ ಜಾರುತ್ತೆ, ಒಳಬದಿ ಮತ್ತು ಹೊರಬದಿ ಒಂದೇ ಥರ ಚಲಿಸಲ್ಲ ಅಂತ ಆಗಲೇ ಗುರುತಿಸಿದ್ದರು. ಈ ಪುಸ್ತಕ ಇಂಗ್ಲಿಷಿಗೆ ಬಂದದ್ದು 1992ರಲ್ಲಿ. ನೂರೈವತ್ತಾರು ವರ್ಷ! ಈ ಅಂತರವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಬರ್ಲಿನ್‌ಗೆ ಬರೋಣ, 1890. ಥೆಮಿಸ್ಟೊಕ್ಲಿಸ್ ಗ್ಲುಕ್ ಅನ್ನೋ ಸರ್ಜನ್ ಆನೆದಂತದಲ್ಲಿ ಒಂದು ಮಂಡಿ ಮಾಡಿ ರೋಗಿಗೆ ಕೂರಿಸಿದರು. ಥೇಟ್ ಹಿಂಜು. ಮೂಳೆಗೆ ಅಂಟಿಸಲು ರಾಳ, ಪ್ಯೂಮಿಸ್ ಕಲ್ಲಿನ ಪುಡಿ, ಪ್ಲಾಸ್ಟರು ಇಂಥವನ್ನೆಲ್ಲ ಪ್ರಯತ್ನಿಸಿದರು. ಕೂರಿಸಿದ್ದು ಕ್ಷಯ ಹಿಡಿದ ಕೀಲುಗಳಲ್ಲಿ, ಆ್ಯಂಟಿಬಯಾಟಿಕ್ ಅನ್ನೋ ಮಾತೇ ಇಲ್ಲದ ಕಾಲ. ಸೋಂಕು ಮರಳಿ ಬಂತು, ಸೋತರು. ಆದರೆ ‘ಕೆಟ್ಟ ಕೀಲನ್ನು ತೆಗೆದು ಬೇರೆ ವಸ್ತುವಿನದು ಕೂರಿಸಿ, ಅಂಟಿನಿಂದ ಹಿಡಿಸಬಹುದು’ ಅನ್ನೋ ಮೂರೂ ಯೋಚನೆ ಆಗಲೇ ಒಂದೇ ತಲೆಯಲ್ಲಿತ್ತಲ್ಲ, ಅದಕ್ಕೆ ನನ್ನ ನಮಸ್ಕಾರ.

ಆಮೇಲಿನ ಐವತ್ತು ವರ್ಷ ಸಂಧಿಯೊಳಗೆ ಏನಾದರೂ ಹಾಸಿ ಮೂಳೆ ಮೂಳೆ ಉಜ್ಜದ ಹಾಗೆ ಮಾಡುವ ಪ್ರಯತ್ನಗಳು. ರೋಗಿಯ ಕೊಬ್ಬು, ಸ್ನಾಯುವಿನ ಹೊದಿಕೆ, ಹದ ಮಾಡಿದ ಹಂದಿಯ ಮೂತ್ರಕೋಶ ಕೂಡ. ಅದನ್ನ ಬಿಡಿ.

1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮತ್ತೆ ಹಿಂಜಿಗೆ ಬಂದರು, ಮೊದಲು ಅಕ್ರಿಲಿಕ್, 1958ರಿಂದ ಕೋಬಾಲ್ಟ್ ಕ್ರೋಮಿಯಂ ಲೋಹ. ಇಂಗ್ಲೆಂಡಿನಲ್ಲಿ ಶಿಯರ್ಸ್ ತಮ್ಮದೊಂದು ಲೋಹದ ಹಿಂಜು ಮಾಡಿದರು. 1970ರಲ್ಲಿ ಫ್ರಾನ್ಸಿನವರ ಗುಯೆಪಾರ್ ಬಂತು, ಅಕ್ಷವನ್ನು ಸ್ವಲ್ಪ ಹಿಂದಕ್ಕೆ ಸರಿಸಿದ್ದು. ಮೊದಮೊದಲು ಎಲ್ಲಾ ಚೆನ್ನ. ಸೊಟ್ಟಗಿದ್ದ ಕಾಲು ನೆಟ್ಟಗಾಗುತ್ತೆ, ನೋವು ಹೋಗುತ್ತೆ. ಕೆಲವು ವರ್ಷದಲ್ಲಿ ಸಡಿಲ ಆಗೋಕೆ ಶುರು.

ಯಾಕೆ? ಬಾಗಿಲನ್ನು ತಿರುಗಿಸುವ ಬದಲು ಪಕ್ಕಕ್ಕೆ ತಿರುಚಿ ಎಳೆದರೆ ಏನಾಗುತ್ತೆ? ಹಿಂಜು ಗಟ್ಟಿಯಾಗಿದ್ದಷ್ಟೂ ಚೌಕಟ್ಟಿನ ಸ್ಕ್ರೂಗಳು ಕಿತ್ತು ಬರುತ್ತವೆ. ನಡೆಯುವಾಗ, ತಿರುಗುವಾಗ ನಮ್ಮ ಕಾಲು ಪ್ರತಿ ಹೆಜ್ಜೆಗೂ ಸ್ವಲ್ಪ ತಿರುಚುತ್ತೆ. ನಿಜವಾದ ಮಂಡಿಯಲ್ಲಿ ಆ ತಿರುಚನ್ನು ಲಿಗಮೆಂಟುಗಳು, ಸ್ನಾಯುಗಳು ಹೀರಿಕೊಳ್ಳುತ್ತವೆ. ಹಿಂಜಿನಲ್ಲಿ ತಿರುಗಲು ಜಾಗವೇ ಇಲ್ಲ, ಹಾಗಾಗಿ ಅದಷ್ಟೂ ಲೋಹದ ಕಂಬಿಯ ಮೂಲಕ ಹೋಗಿ ಮೂಳೆಯ ಮೇಲೆ ಬೀಳುತ್ತೆ. ವರ್ಷಕ್ಕೆ ಲಕ್ಷಾಂತರ ಹೆಜ್ಜೆ... ಮೂಳೆ ಸೋಲುತ್ತೆ. (ತಿರುಗಲು ಅವಕಾಶ ಇರುವ ಹಿಂಜುಗಳನ್ನು ಇಂದಿಗೂ ಬಳಸುತ್ತಾರೆ. ಕ್ಯಾನ್ಸರ್ ಗಡ್ಡೆ ತೆಗೆದಾಗ, ಲಿಗಮೆಂಟು ಪೂರ್ತಿ ಹೋದಾಗ ಬೇರೆ ದಾರಿ ಇಲ್ಲ.)

ಮುಂದಿನ ಹೆಜ್ಜೆ ಬಂದದ್ದು ಮಂಡಿಯಿಂದಲ್ಲ, ಸೊಂಟದಿಂದ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಳಸಿ ಸೋತು, 1962ರಲ್ಲಿ ಗಟ್ಟಿ ಜಾತಿಯ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಬಂದರು. ಲೋಹದ ಮೇಲೆ ಪ್ಲಾಸ್ಟಿಕ್, ಹಿಡಿಸೋಕೆ ಅಕ್ರಿಲಿಕ್ ಸಿಮೆಂಟು. ಸಾಮಾನು ಸಿಕ್ಕಿತು. ಇನ್ನು ಬೇಕಾದದ್ದು ಮಂಡಿಯ ಆಕಾರ.

ಅಲ್ಲಿಗೆ ಕೆನಡಾದ ವಿನಿಪೆಗ್‌ನಿಂದ ಬಂದವರು ಫ್ರಾಂಕ್ ಗನ್‌ಸ್ಟನ್. ಮೊದಲು ಎಂಜಿನಿಯರ್, ಆಮೇಲೆ ಡಾಕ್ಟರ್. ಮಂಡಿಗೆ ಒಂದೇ ಅಕ್ಷ ಇಲ್ಲ, ಮಡಚಿದಂತೆಲ್ಲ ಅದರ ಕೇಂದ್ರ ಸರಿಯುತ್ತೆ ಅನ್ನೋದನ್ನ ಅವರು ಗಂಭೀರವಾಗಿ ತೆಗೆದುಕೊಂಡರು. 1968ರಲ್ಲಿ ಹಿಂಜೇ ಇಲ್ಲದ ಮಂಡಿ ಮಾಡಿದರು. ತೊಡೆಮೂಳೆಯ ಎರಡೂ ಗುಂಡುಗಳಿಗೆ ಅರ್ಧಚಂದ್ರದಂಥ ಲೋಹದ ಪಟ್ಟಿ, ಕೆಳಗೆ ಎರಡು ಪ್ಲಾಸ್ಟಿಕ್ ಹಳಿ. ಮೇಲಿನದಕ್ಕೂ ಕೆಳಗಿನದಕ್ಕೂ ಸಂಪರ್ಕವೇ ಇಲ್ಲ, ಹಿಡಿದಿಡುವ ಕೆಲಸ ರೋಗಿಯ ಸ್ವಂತ ಲಿಗಮೆಂಟುಗಳದು. 1971ರಲ್ಲಿ ಪ್ರಕಟಿಸಿದರು. ಪೇಟೆಂಟ್ ಮಾಡಿಸಲಿಲ್ಲ. ಇವತ್ತು ಮಂಡಿ ಬದಲಾವಣೆ ಎಷ್ಟು ದೊಡ್ಡ ವ್ಯಾಪಾರ ಅನ್ನೋದನ್ನ ನೋಡಿದರೆ, ಇವರ ಹೆಸರು ಎಷ್ಟು ಜನಕ್ಕೆ ಗೊತ್ತು ಅಂತ ಬೇಜಾರಾಗುತ್ತೆ. ಅವರ ಮಂಡಿಯ ಕೆಳಗಿನ ಹಳಿಗಳು ತೀರ ಕಿರಿದು. ಅಷ್ಟು ಸಣ್ಣ ಜಾಗದ ಮೇಲೆ ಭಾರ ಬಿದ್ದು ಮೂಳೆಯೊಳಗೆ ಕುಸಿಯುತ್ತಿದ್ದವು, ಸಡಿಲವಾಗುತ್ತಿದ್ದವು. ಊಹೆ ಹತ್ತಿರ ಬಂದಿತ್ತು, ಬೇರು ಸಾಲಲಿಲ್ಲ.

ಇಲ್ಲಿಂದ ಒಂದು ಹೋಲಿಕೆ ಹಿಡಿದುಕೊಂಡು ಹೋಗ್ತೀನಿ. ಅಜ್ಜಿಯ ಮನೆಯ ಒರಳುಕಲ್ಲು ನೆನಪಿದೆಯಲ್ಲ? ಒರಳಿನ ಕುಳಿಗೆ ಗುಂಡು ಸರಿಯಾಗಿ ಕೂತಿರುತ್ತೆ. ಮೈತುಂಬ ತಾಗುತ್ತೆ, ಭಾರ ಎಲ್ಲಾ ಕಡೆ ಹಂಚಿಹೋಗುತ್ತೆ. ಆದರೆ ಗುಂಡು ಇದ್ದಲ್ಲೇ ತಿರುಗಬೇಕು, ಹೊರಗೆ ಉರುಳಲ್ಲ. ಈಗ ಅದೇ ಗುಂಡನ್ನ ಕಲ್ಲು ಚಪ್ಪಡಿಯ ಮೇಲಿಡಿ. ಎತ್ತ ಬೇಕಾದರೂ ಉರುಳುತ್ತೆ. ಆದರೆ ತಾಗೋದು ಒಂದು ಚುಕ್ಕೆಯಷ್ಟೇ, ಇಡೀ ಭಾರ ಆ ಚುಕ್ಕೆಯ ಮೇಲೆ. ಚಪ್ಪಡಿ ಪ್ಲಾಸ್ಟಿಕ್ಕಿನದಾದರೆ ಏನಾಗುತ್ತೆ ಅಂತ ಊಹಿಸಿ. ಸ್ವಾತಂತ್ರ್ಯ ಬೇಕೋ, ಬಾಳಿಕೆ ಬೇಕೋ? ನಿಜವಾದ ಮಂಡಿಯಲ್ಲಿ ನಡುವೆ ಮೆನಿಸ್ಕಸ್ ಅನ್ನೋ ಮೆತ್ತನೆಯ ಬಿಲ್ಲೆಗಳಿವೆ. ಅವು ಗುಂಡಿನ ಜೊತೆ ಸರಿಯುತ್ತಾ, ಎಲ್ಲಿ ಹೋದರೂ ಅಲ್ಲೇ ಒಂದು ಒರಳು ಮಾಡಿಕೊಡುತ್ತವೆ. ಕೃತಕ ಮಂಡಿಯಲ್ಲಿ ಅದನ್ನ ಎಲ್ಲಿಂದ ತರೋದು?

1970ರಲ್ಲಿ ಲಂಡನ್ನಿನ ಸರ್ಜನ್ ಮೈಕಲ್ ಫ್ರೀಮನ್ ಮತ್ತು ಇಂಪೀರಿಯಲ್ ಕಾಲೇಜಿನ ಎಂಜಿನಿಯರ್ ಸ್ವಾನ್ಸನ್ ಧೈರ್ಯವಾಗಿ ಒರಳಿನ ಕಡೆ ಹೋದರು. ಮಂಡಿಯ ಮಧ್ಯೆ ಕತ್ತರಿಯ ಹಾಗೆ ಅಡ್ಡಹಾದ ಎರಡು ಲಿಗಮೆಂಟುಗಳಿವೆ, ಕ್ರೂಶಿಯೇಟ್ ಅನ್ನುತ್ತಾರೆ. ಎರಡನ್ನೂ ಕತ್ತರಿಸಿ ಹಾಕಿದರು! ಸವೆದ ಮಂಡಿಯಲ್ಲಿ ಅವು ಎಷ್ಟೋ ಸಲ ಕೆಟ್ಟೇ ಇರುತ್ತವೆ, ಅವನ್ನ ಉಳಿಸಿಕೊಂಡು ಸೊಟ್ಟಗಾದ ಕಾಲನ್ನ ನೆಟ್ಟಗೆ ಮಾಡೋದು ಕಷ್ಟ ಅನ್ನೋದು ವಾದ. ಮೇಲೆ ಅಗಲವಾದ ಲೋಹದ ಉರುಳೆ, ಕೆಳಗೆ ಅದಕ್ಕೆ ತಕ್ಕ ಪ್ಲಾಸ್ಟಿಕ್ ತೊಟ್ಟಿ. ಮಂಡಿ ನೀಡಿದಾಗ ಮತ್ತು ಮಡಚಿದಾಗ ಕೊಯ್ದ ಮೂಳೆಗಳ ನಡುವಿನ ಸಂದು ಒಂದೇ ಅಳತೆ ಇರಬೇಕು, ಎರಡೂ ಪಕ್ಕದ ಲಿಗಮೆಂಟು ಒಂದೇ ಬಿಗಿ ಇರಬೇಕು ಅನ್ನೋ ನಿಯಮವೂ ಈ ಕಾಲದ್ದೇ. ಆಪರೇಷನ್ನಿನಲ್ಲಿ ಸರ್ಜನ್‌ಗಳು ಇಂದಿಗೂ ಸಂದು ಅಳೆಯುವುದು ಆ ಯೋಚನೆಯಿಂದ.

ಇದೇ ಹೊತ್ತಿಗೆ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಒಂದು ಗುಂಪು ಸೇರಿತ್ತು. ಎಂಜಿನಿಯರ್ ಪೀಟರ್ ವಾಕರ್, ಸರ್ಜನ್‌ಗಳಾದ ಜಾನ್ ಇನ್ಸಾಲ್ ಮತ್ತು ಇಂಗ್ಲಿಸ್, ಜೊತೆಗೆ ನಮ್ಮ ರಾಣಾವತ್. ಒಂದೆರಡು ಮಾದರಿ ಮಾಡಿ, ತಿದ್ದಿ, 1974ರಲ್ಲಿ ‘ಟೋಟಲ್ ಕಾಂಡೈಲರ್’ ಅನ್ನೋ ಮಂಡಿ ತಂದರು. ಮೇಲೆ ಲೋಹದ ಟೋಪಿ, ಕೆಳಗೆ ಕುಳಿಯಿರುವ ಪ್ಲಾಸ್ಟಿಕ್, ಮುಂದೆ ಮಂಡಿಚಿಪ್ಪಿಗೂ ಒಂದು ಗುಬುಟು. ಹಿಂದಿನ ಹಲವು ಮಾದರಿಗಳಲ್ಲಿ ಚಿಪ್ಪು ಜಾರಲು ಹಳಿಯೇ ಇರಲಿಲ್ಲ, ಮೆಟ್ಟಿಲು ಹತ್ತುವಾಗ ನೋವು ಉಳಿಯುತ್ತಿತ್ತು. ಇವತ್ತು ನೀವು ಎಕ್ಸ್‌ರೇಯಲ್ಲಿ ನೋಡುವ ಕೃತಕ ಮಂಡಿಯ ಮುಖಚರ್ಯೆ ಇದರದೇ. ಹದಿನೈದು ವರ್ಷದ ನಂತರವೂ ಶೇಕಡಾ 90ಕ್ಕಿಂತ ಹೆಚ್ಚು ಉಳಿದಿದ್ದವು ಅಂತ ರಾಣಾವತ್‌ರ ತಂಡ 1993ರಲ್ಲಿ ಲೆಕ್ಕ ಕೊಟ್ಟಿತು. ಹಿಂಜುಗಳ ಕಾಲಕ್ಕೆ ಹೋಲಿಸಿದರೆ ಪವಾಡ.

ಬೆಲೆ ಏನು? ಮಡಚುವಿಕೆ. ಟೋಟಲ್ ಕಾಂಡೈಲರ್ ಸುಮಾರು 90 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತಿತ್ತು. ಗುಂಡು ಒರಳಿನಲ್ಲೇ ಕೂತಿರುತ್ತೆ, ಹಿಂದಕ್ಕೆ ಉರುಳಲ್ಲ, ಮೂಳೆಗೆ ಮೂಳೆ ತಾಗಿ ನಿಂತುಹೋಗುತ್ತೆ. 1972ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದ್ದರು: ಮೆಟ್ಟಿಲು ಹತ್ತಲು 83 ಡಿಗ್ರಿ, ಕುರ್ಚಿಯಲ್ಲಿ ಕೂರಲು 93, ಬೂಟಿನ ಲೇಸು ಕಟ್ಟಲು 106. ಕುರ್ಚಿ, ಬೂಟು! ಯಾರ ಮಂಡಿಗೆ ಯಾರ ಅಳತೆ ಅನ್ನೋದು ಇಲ್ಲೇ ಕಾಣುತ್ತೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಎದುರಿಗಿದ್ದ ರೋಗಿಗೆ ಬೇಕಾದ್ದನ್ನ ಅವರು ಮಾಡಿದರು.

1978ರಲ್ಲಿ ಇನ್ಸಾಲ್ ಮತ್ತು ಎಂಜಿನಿಯರ್ ಆಲ್ಬರ್ಟ್ ಬರ್ಸ್ಟೀನ್ ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಕೆಳಗಿನ ಪ್ಲಾಸ್ಟಿಕ್ಕಿನ ಮಧ್ಯೆ ಒಂದು ಗೂಟ, ಮೇಲಿನ ಲೋಹದಲ್ಲಿ ಒಂದು ಅಡ್ಡಪಟ್ಟಿ. ಮಂಡಿ 70 ಡಿಗ್ರಿ ದಾಟುತ್ತಿದ್ದಂತೆ ಪಟ್ಟಿ ಗೂಟಕ್ಕೆ ತಾಗಿ, ತೊಡೆಮೂಳೆ ಹಿಂದಕ್ಕೆ ಸರಿಯಲೇಬೇಕಾಗುತ್ತೆ. ಕತ್ತರಿಸಿ ಹಾಕಿದ ಲಿಗಮೆಂಟಿನ ಕೆಲಸವನ್ನ ಗೂಟ ಮಾಡುತ್ತೆ. 110–115 ಡಿಗ್ರಿಯವರೆಗೂ ಹೋಯ್ತು. ಈ ಗೂಟದ ವಂಶದವು ಇಂದಿಗೂ ಧಾರಾಳವಾಗಿ ಬಳಕೆಯಲ್ಲಿವೆ.

ಎದುರು ಪಕ್ಷದವರು ಸುಮ್ಮನಿರಲಿಲ್ಲ. ಹಿಂದಿನ ಲಿಗಮೆಂಟನ್ನು ಯಾಕೆ ಕತ್ತರಿಸಬೇಕು, ಉಳಿಸಿಕೊಂಡರೆ ಅದೇ ತೊಡೆಮೂಳೆಯನ್ನ ಹಿಂದಕ್ಕೆ ಎಳೆಯುತ್ತೆ, ನಾವು ಕೆಳಗೆ ಚಪ್ಪಡಿ ಕೊಟ್ಟರೆ ಸಾಕು ಅಂದರು. ತರ್ಕ ಚೆನ್ನಾಗಿದೆ. ಆದರೆ ಚಪ್ಪಟೆ ಪ್ಲಾಸ್ಟಿಕ್, ಅದೂ ಕೆಲವು ಮಾದರಿಗಳಲ್ಲಿ ತೀರ ತೆಳು. ಗುಂಡು ಚುಕ್ಕೆಯಲ್ಲಿ ತಾಗಿ, ಮೇಲಿನ ಪದರ ಎದ್ದುಬರತೊಡಗಿತು. ಪ್ಲಾಸ್ಟಿಕ್ ಕನಿಷ್ಠ 8ರಿಂದ 10 ಮಿಲಿಮೀಟರ್ ದಪ್ಪ ಇರಬೇಕು ಅಂತ 1986ರಲ್ಲಿ ಬಾರ್ಟೆಲ್ ಮತ್ತವರ ಸಂಗಡಿಗರು ಲೆಕ್ಕ ಹಾಕಿ ಹೇಳುವ ಹೊತ್ತಿಗೆ ಸಾವಿರಾರು ಜನರ ಕಾಲಲ್ಲಿ ತೆಳು ಪ್ಲಾಸ್ಟಿಕ್ ಸೇರಿಯಾಗಿತ್ತು. ಸವೆದ ಪುಡಿ ಸುತ್ತಲಿನ ಮೂಳೆಯನ್ನೂ ತಿಂದುಹಾಕುತ್ತೆ.

ಅದಕ್ಕಿಂತ ದೊಡ್ಡ ಆಘಾತ 1990ರ ದಶಕದಲ್ಲಿ. ಕೃತಕ ಮಂಡಿ ಹಾಕಿಸಿಕೊಂಡವರನ್ನ ಚಲಿಸುವ ಎಕ್ಸ್‌ರೇ ಮುಂದೆ ನಿಲ್ಲಿಸಿ ಮಂಡಿ ಮಡಚಿಸಿ ನೋಡಿದರು. 1995ರ ಪ್ರಕಟಣೆ ಹೇಳಿದ್ದು: ಲಿಗಮೆಂಟು ಉಳಿಸಿದ ಮಂಡಿಗಳಲ್ಲಿ ತೊಡೆಮೂಳೆ ಹಿಂದಕ್ಕೆ ಉರುಳೋದರ ಬದಲು ಎಷ್ಟೋ ಸಲ ಮುಂದಕ್ಕೆ ಜಾರುತ್ತೆ! ಮುಂದಿನ ಕ್ರೂಶಿಯೇಟನ್ನು ತೆಗೆದು ಹಿಂದಿನದನ್ನು ಮಾತ್ರ ಬಿಟ್ಟರೆ, ಜೋಡಿಯಲ್ಲಿ ಒಬ್ಬರೇ ಉಳಿದ ಸಂಸಾರದ ಹಾಗೆ, ಕೆಲಸ ಸರಿಯಾಗಿ ಸಾಗಲ್ಲ. ಕಾಗದದ ಮೇಲೆ ಅಷ್ಟು ಚೆನ್ನಾಗಿದ್ದ ತರ್ಕ ಕಾಲೊಳಗೆ ಉಲ್ಟಾ ಹೊಡೆದಿತ್ತು.

ಒರಳು ಬೇಕು, ಆದರೆ ಒರಳೂ ಸರಿಯಬೇಕು ಅಂತ ಯೋಚಿಸಿದವರೂ ಇದ್ದರು, ನನಗೆ ಇವರ ಮೇಲೆ ಸ್ವಲ್ಪ ಪಕ್ಷಪಾತ. ಆಕ್ಸ್‌ಫರ್ಡಿನ ಸರ್ಜನ್ ಗುಡ್‌ಫೆಲೊ ಮತ್ತು ಎಂಜಿನಿಯರ್ ಓಕಾನರ್. ಮೇಲೆ ಗುಂಡನೆಯ ಲೋಹ, ಕೆಳಗೆ ಚಪ್ಪಟೆ ಲೋಹ, ನಡುವೆ ಎಲ್ಲಿಗೂ ಅಂಟಿಸದ ಒಂದು ಪ್ಲಾಸ್ಟಿಕ್ ಬಿಲ್ಲೆ, ಮೇಲ್ಮುಖ ಕುಳಿ, ಕೆಳಮುಖ ಚಪ್ಪಟೆ. ಅಂದರೆ ಮೆನಿಸ್ಕಸ್! 1976ರಲ್ಲಿ ಮೊದಲ ಬಳಕೆ. 1982ರಿಂದ ಮಂಡಿಯ ಸವೆದ ಅರ್ಧಕ್ಕೆ ಮಾತ್ರ ಹಾಕುವ ಪದ್ಧತಿ ಬಂತು, ನಾಲ್ಕೂ ಲಿಗಮೆಂಟು ಉಳಿಸಿಕೊಂಡು. ಅಮೆರಿಕದಲ್ಲಿ ಬ್ಯೂಶೆಲ್ ಮತ್ತು ಪಾಪಸ್ 1970ರ ದಶಕದಲ್ಲೇ ಇಡೀ ಮಂಡಿಗೆ ಇಂಥದ್ದೇ ಸರಿಯುವ ಬಿಲ್ಲೆ ತಂದರು. ಬಿಲ್ಲೆ ಜಾಗ ತಪ್ಪಿ ಹೊರಬರುವ ಅಪಾಯ ಇವಕ್ಕೆ ಇದ್ದೇ ಇದೆ.

ಈಗ ಮೈಕಲ್ ಫ್ರೀಮನ್ ಹತ್ತಿರ ವಾಪಸ್ ಹೋಗೋಣ. ನನಗೆ ಈ ಕತೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ಮೂವತ್ತು ವರ್ಷ ಮಂಡಿ ತಯಾರಿಸಿ ಹೆಸರು ಮಾಡಿದವರು, ತಮ್ಮ ಅರವತ್ತರ ಮೇಲೆ, ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಆರೋಗ್ಯವಾದ ಮಂಡಿ ನಿಜಕ್ಕೂ ಹೇಗೆ ಚಲಿಸುತ್ತೆ? ಪ್ರಾಗ್ ನಗರದ ವೇರಾ ಪಿನ್ಸ್ಕೆರೋವಾ, ಜಪಾನಿನ ಸರ್ಜನ್‌ಗಳು ಸೇರಿ ಎಂ.ಆರ್.ಐ. ಹಿಡಿದು ಒಳಬದಿ ಬೇರೆ, ಹೊರಬದಿ ಬೇರೆ ಹೋಳು ಹೋಳಾಗಿ ನೋಡಿದರು. 2000ದಲ್ಲಿ ಸಾಲಾಗಿ ಲೇಖನಗಳು ಬಂದವು. 120 ಡಿಗ್ರಿಯವರೆಗೆ ಮಡಚಿದಾಗ ಒಳಬದಿಯ ಗುಂಡು ಒಂದೆರಡು ಮಿಲಿಮೀಟರ್ ಬಿಟ್ಟರೆ ಇದ್ದಲ್ಲೇ ಇರುತ್ತೆ. ಹೊರಬದಿಯದು ಒಂದೂವರೆ ಸೆಂಟಿಮೀಟರಿನಷ್ಟು ಹಿಂದಕ್ಕೆ ಹೋಗುತ್ತೆ. ಒಳಗಡೆ ಒರಳು, ಹೊರಗಡೆ ಚಪ್ಪಡಿ! ಒಂದೇ ಮಂಡಿಯಲ್ಲಿ ಎರಡೂ. ಕೈವಾರದ ಒಂದು ಕಾಲು ಊರಿ ಇನ್ನೊಂದು ಸುತ್ತಿದ ಹಾಗೆ.

ಹಾಗಾದರೆ ಮಧ್ಯದ ನೂರು ವರ್ಷ ಇದು ಯಾಕೆ ಕಾಣಲಿಲ್ಲ? ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಗುಂಡು ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗಿ ಕಾಣುತ್ತವೆ. 1904ರಲ್ಲಿ ಜುಪ್ಪಿಂಗರ್ ಎರಡು ಕ್ರೂಶಿಯೇಟುಗಳನ್ನ ಕಂಬಿಗಳೆಂದು ತಿಳಿದು, ನಾಲ್ಕು ಸರಳುಗಳ ಯಂತ್ರದ ಹಾಗೆ ಮಂಡಿಯನ್ನ ವಿವರಿಸಿದರು. ಬಹಳ ಸೊಗಸಾದ ಚಿತ್ರ, ಕಾಗದದ ಮೇಲೆ ಬರೆಯಬಹುದಾದದ್ದು. ಪಠ್ಯಪುಸ್ತಕಗಳಲ್ಲಿ ದಶಕಗಟ್ಟಲೆ ಅದೇ. ಆದರೆ ಕಾಗದಕ್ಕೆ ಎರಡೇ ಆಯಾಮ, ಮಂಡಿ ತಿರುಗುವುದು ಮೂರನೆಯದರಲ್ಲಿ. 1836ರ ವೆಬರ್ ಸೋದರರು ಶವದ ಮಂಡಿಯನ್ನ ಕೈಯಲ್ಲಿ ಹಿಡಿದು ಎರಡೂ ಬದಿ ಕಣ್ಣಾರೆ ನೋಡಿದ್ದರು. ಪಿನ್ಸ್ಕೆರೋವಾ, ಫ್ರೀಮನ್ ಮತ್ತು ವೆಬರ್ ಪುಸ್ತಕವನ್ನು ಇಂಗ್ಲಿಷಿಗೆ ತಂದವರಲ್ಲಿ ಒಬ್ಬರಾದ ಬೆಲ್ಜಿಯಂನ ಪಾಲ್ ಮಾಕೆ ಸೇರಿ, 1836ರಿಂದ 1917ರವರೆಗಿನ ಹಳೆಯ ಬರಹಗಳನ್ನ ಹೆಕ್ಕಿ ಒಂದು ಟಿಪ್ಪಣಿಯನ್ನೇ 2000ದಲ್ಲಿ ಪ್ರಕಟಿಸಿದರು. ಹೊಸ ಯಂತ್ರ ಹಿಡಿದು ಹಳೆಯ ಸತ್ಯ ಹುಡುಕಿದವರು, ಹಳಬರ ಹೆಸರು ಹೇಳಿದ್ದು ದೊಡ್ಡತನ. ಫ್ರೀಮನ್ 2017ರಲ್ಲಿ ತೀರಿಕೊಂಡರು. ಒಳಬದಿ ಒರಳು, ಹೊರಬದಿ ಚಪ್ಪಡಿಯಾದ ‘ಮೀಡಿಯಲ್ ಪಿವಟ್’ ಮಾದರಿಯ ಮಂಡಿಗಳು 1990ರ ದಶಕದಿಂದಲೇ ಬಂದಿವೆ. ಅದರಲ್ಲೊಂದು ಫ್ರೀಮನ್ನರದ್ದೇ.

ಇನ್ನು ನೆಲದ ಪ್ರಶ್ನೆ. ಆ ಸಾಲಿನ ಒಂದು ಅಧ್ಯಯನ ಜಪಾನಿನ ಸ್ವಯಂಸೇವಕರದು, ಮಂಡಿ ಪೂರ್ತಿ ಮಡಚಿದಾಗಿನ ಚಿತ್ರಗಳು. ಆ ಸ್ಥಿತಿಯಲ್ಲಿ ಹೊರಬದಿಯ ಗುಂಡು ಕೆಳಗಿನ ಮೂಳೆಯ ಹಿಂದಿನ ಅಂಚಿಗೇ ಬಂದು, ಹೆಚ್ಚುಕಡಿಮೆ ಕೀಲು ತಪ್ಪಿದ ಹಾಗಿರುತ್ತೆ! ಜೀವಂತ ಮಂಡಿ ಅದನ್ನ ತಡೆದುಕೊಳ್ಳುತ್ತೆ, ಅಂಚಿನಲ್ಲಿ ಮೆನಿಸ್ಕಸ್ ಇದೆ, ಸುತ್ತಲೂ ಮೆತ್ತನೆಯ ಮಾಂಸಖಂಡ ಇದೆ. ಲೋಹ, ಪ್ಲಾಸ್ಟಿಕ್ ಆ ಅಂಚಿಗೆ ಹೋದರೆ ಕೊರೆಯುತ್ತೆ. ಕೆನಡಾದ ಮುಲ್‌ಹಾಲಂಡ್ ಮತ್ತು ವೈಸ್ 2001ರಲ್ಲಿ ಬರೆದ ಪ್ರಕಾರ ನೆಲದ ಮೇಲೆ ಬದುಕುವ ಜನರಿಗೆ 111ರಿಂದ 165 ಡಿಗ್ರಿಯವರೆಗೆ ಮಡಚುವಿಕೆ ಬೇಕು. 2006ರಲ್ಲಿ 30 ಮಂದಿ ಭಾರತೀಯರನ್ನೇ ಅಳೆದಾಗ, ಹಿಮ್ಮಡಿ ಎತ್ತಿ ಕುಕ್ಕರಗಾಲಲ್ಲಿ ಕೂತರೆ ಸರಾಸರಿ 157 ಡಿಗ್ರಿ. ಸಾಮಾನ್ಯವಾಗಿ ಕೃತಕ ಮಂಡಿ ನಿಲ್ಲುವುದು 110–125ರ ಸುತ್ತ. ಅದೂ ಆಪರೇಷನ್ನಿಗೆ ಮುಂಚೆ ಎಷ್ಟು ಮಡಚುತ್ತಿತ್ತು ಅನ್ನೋದರ ಮೇಲೆ ಬಹಳ ಮಟ್ಟಿಗೆ ನಿಂತಿರುತ್ತೆ. ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟನ್ನೇ, ಒರಳು ಚಪ್ಪಡಿ ಹಿಡಿದುಕೊಂಡು. “ಹಂಗಾದ್ರೆ ಅರ್ಧ ಮಂಡಿ ಕೊಟ್ಟವ್ರೆ” ಅಂದರು.

ಹೆಚ್ಚು ಮಡಚುವ ಮಂಡಿಗಳೂ 2000ದ ಹೊತ್ತಿಗೆ ಮಾರುಕಟ್ಟೆಗೆ ಬಂದವು. ತೊಡೆಮೂಳೆಯ ಹಿಂಬದಿಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ಮೂಳೆ ಕೊಯ್ದು, ಲೋಹದ ಗುಂಡಿನ ಬಾಗನ್ನ ಇನ್ನಷ್ಟು ಮುಂದುವರಿಸಿದ್ದು. ನಮ್ಮ ಹಾಗೇ ನೆಲದ ಮೇಲೆ ಕೂರುವ ಕೊರಿಯಾದಲ್ಲಿ ಇದಕ್ಕೆ ನಿಜವಾದ ಪರೀಕ್ಷೆ. 2007ರಲ್ಲಿ ಅಲ್ಲಿನ ಸರ್ಜನ್‌ಗಳು ಪ್ರಕಟಿಸಿದ ಒಂದು ವರದಿಯಲ್ಲಿ, ಇಂಥ 72 ಮಂಡಿಗಳ ಪೈಕಿ 27ರಲ್ಲಿ ತೊಡೆಮೂಳೆಯ ಭಾಗ ಸಡಿಲ, ಮೂರು ವರ್ಷವೂ ತುಂಬದ ಸರಾಸರಿ ಅವಧಿಯಲ್ಲೇ. ಸಡಿಲವಾದದ್ದು ಹೆಚ್ಚಾಗಿ ಯಾರದು? ಮಂಡಿ ಚೆನ್ನಾಗಿ ಮಡಚಿ, ಕುಕ್ಕರಗಾಲಲ್ಲಿ, ಚಕ್ಕಳಮಕ್ಕಳದಲ್ಲಿ ಕೂತವರದು. ಯಾವ ಕೆಲಸಕ್ಕೆಂದು ಮಾಡಿದ್ದೋ ಅದೇ ಕೆಲಸ ಮಾಡಿದವರು! ತೀರ ಮಡಚಿದಾಗ ಭಾರವೆಲ್ಲ ಲೋಹದ ಹಿಂಬದಿಯ ತುದಿಗೆ ಬಿದ್ದು, ಮುಂಬದಿ ಮೂಳೆಯಿಂದ ಮೇಲೇಳಲು ನೋಡುತ್ತೆ. ಬೇರೆ ಕಡೆಯ ವರದಿಗಳು ಇಷ್ಟು ಕೆಟ್ಟದಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಆದರೆ ದೊಡ್ಡಮ್ಮನ ಚೀಟಿಯ ಹಿಂದೆ ಇರುವ ಭಯ ಈ ಜಾತಿಯದು.

ಊಹೆಗಳ ಮಾತಾಯ್ತು, ಅಳತೆಯ ಮಾತು ಒಂದಿದೆ. ಕಾಲೊಳಗಿನ ಕೃತಕ ಮಂಡಿಗೇ ಸಂವೇದಕ ಕೂರಿಸಿ, ಬೀಳುವ ಬಲವನ್ನ ತಂತಿಯಿಲ್ಲದೆ ಹೊರಗೆ ಕಳಿಸುವ ಮಂಡಿಯನ್ನ 2004ರಲ್ಲಿ ಅಮೆರಿಕದಲ್ಲಿ ಒಬ್ಬರಿಗೆ ಹಾಕಿದರು. ಆಮೇಲೆ ಬರ್ಲಿನ್ನಿನವರು ಐದು ಜನರಲ್ಲಿ ಅಳೆದು 2010ರಲ್ಲಿ ಪ್ರಕಟಿಸಿದರು. ಎರಡೂ ಕಾಲಲ್ಲಿ ನಿಂತಾಗ ಒಂದು ಮಂಡಿಯ ಮೇಲೆ ದೇಹದ ತೂಕದ ಶೇಕಡಾ 107. ನಡೆಯುವಾಗ 261, ಮೆಟ್ಟಿಲು ಹತ್ತುವಾಗ 316, ಇಳಿಯುವಾಗ 346. ಕುರ್ಚಿಯಿಂದ ಏಳುವಾಗ 246. ಅರವತ್ತು ಕಿಲೋ ತೂಕದವರು ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಇನ್ನೂರು ಕಿಲೋಗೂ ಹೆಚ್ಚು. ಹತ್ತುವುದಕ್ಕಿಂತ ಇಳಿಯುವುದೇ ಭಾರ ಅಂತ ಮಂಡಿನೋವಿನವರು ಮೊದಲಿಂದಲೂ ಹೇಳುತ್ತಿದ್ದರಲ್ಲ, ಅದು ಇಲ್ಲಿ ಸಂಖ್ಯೆಯಾಗಿ ಬಂದಿದೆ. ಈ ಅಳತೆಗಳನ್ನ ಅವರು ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟಿದ್ದಾರೆ, ಆರ್ಥೊಲೋಡ್ ಅಂತ ಹುಡುಕಿದರೆ ಸಿಗುತ್ತೆ. ವಯಸ್ಸಾದವರೊಬ್ಬರು ನಡೆಯುವ ವೀಡಿಯೋ, ಪಕ್ಕದಲ್ಲಿ ಅವರ ಮಂಡಿಯೊಳಗಿಂದಲೇ ಬರುತ್ತಿರುವ ಗೆರೆ, ಹೆಜ್ಜೆ ಊರಿದಾಗೆಲ್ಲ ಮೇಲಕ್ಕೇಳುತ್ತೆ. ಗ್ಲುಕ್ ಆನೆದಂತದ ಹಿಂಜು ಕೂರಿಸಿದ ಅದೇ ಊರು. ನಾನಂತೂ ಒಂದು ರಾತ್ರಿ ಪೂರ್ತಿ ಅದನ್ನೇ ನೋಡುತ್ತಾ ಕೂತಿದ್ದೆ.